ಹಾಲಿಗೆ ಮೀಟರು, ಹುಳಕ್ಕೆ ಹಣೆಬರಹ

ಬೆಳಿಗ್ಗೆ ಆರಕ್ಕೆ ಆತಗೂರು ಹೋಬಳಿಯ ಯಾವ ಊರಿನ ಡೇರಿ ಮುಂದೆ ನಿಂತರೂ ಒಂದೇ ನೋಟ. ಕ್ಯಾನು, ಸಾಲು, ಮೆಷಿನ್ನು. ಒಂದು ಲೀಟರ್ ತಂದವರ ಹಾಲಿಗೂ ಫ್ಯಾಟ್ ಎಷ್ಟು, ಎಸ್‌ಎನ್‌ಎಫ್ ಎಷ್ಟು ಅಂತ ಚುಕ್ಕೆ ಸಮೇತ ಲೆಕ್ಕ. ಗೆಜ್ಜಲಗೆರೆಯ ಮನ್‌ಮುಲ್‌ಗೆ ಹೋಗುವ ಹಾಲು, ಸುಮ್ಮನೆ ಸುರಿದುಕೊಳ್ಳೋಕಾಗುತ್ತಾ?

ಈಗ ಅದೇ ರೈತರ ಹಿತ್ತಲಿನ ಹುಳದ ಮನೆಗೆ ಬನ್ನಿ. ಸಾಲ ಮಾಡಿ ಕಟ್ಟಿದ ಶೆಡ್ಡು, ಕಬ್ಬಿಣದ ಸ್ಟ್ಯಾಂಡು, ಊಜಿ ನೊಣಕ್ಕೆ ನೈಲಾನ್ ಪರದೆ, ಎಲ್ಲಾ ಇದೆ. ಒಳಗಿನ ಗಾಳಿಯಲ್ಲಿ ತೇವ ಎಷ್ಟಿದೆ ಅಂತ ಕೇಳಿ ನೋಡಿ. "ಪರವಾಗಿಲ್ಲ, ತಂಪಾಗೈತೆ" ಅಂತಾರೆ. ಬೋರ್ ನೀರಿನ ಪಿಎಚ್ ಎಷ್ಟು? "ನೀರು ಚೆನ್ನಾಗೈತೆ, ಕುಡೀತೀವಲ್ಲ." ನಾವು ಹೋದ ಕಡೆಯೆಲ್ಲ ಹೆಚ್ಚುಕಮ್ಮಿ ಇದೇ ಉತ್ತರ.

ನಮ್ಮ ಮನೆಯ ಕಥೆಯನ್ನೇ ಹೇಳುತ್ತೇವೆ, ಬೇರೆಯವರದ್ದು ಯಾಕೆ. ಒಂದು ಮಳೆಗಾಲ 150 ಮೊಟ್ಟೆ ಬಿಳಿ ಗೂಡಿನ ಹುಳ ತಂದಿದ್ದೆವು. ನಾಲ್ಕನೇ ಜ್ವರ ಎದ್ದು ನಾಲ್ಕು ದಿನ ಸೊಪ್ಪು ತಿಂದದ್ದು ನೋಡಿ ಅಪ್ಪ ಚಂದ್ರಿಕೆ ತೊಳೆಸಿ ಒಣಗಿಸಿದ್ದರು. ಜಡಿಮಳೆ ಹಿಡಿಯಿತು. ಚಳಿಗಾಳಿ ಬೀಳಬಾರದು ಅಂತ ಕಿಟಕಿಗೆಲ್ಲ ಪ್ಲಾಸ್ಟಿಕ್ ಕಟ್ಟಿದೆವು. ಸೊಪ್ಪು ಒದ್ದೆ ಇತ್ತು, ಹುಳ ಹಸಿದಿತ್ತು, ಹಾಗೇ ಹಾಕಿದೆವು. ಮೂರನೇ ದಿನಕ್ಕೆ ವಾಸನೆ. ಹುಳ ಸೊಪ್ಪು ಬಿಟ್ಟು ಅಂಚಿಗೆ ಬಂದು ಮೆತ್ತಗಾಗಿ ಮಲಗಿತು. ಸಪ್ಪೆ ರೋಗ. ತಿಪ್ಪೆಗೆ ಹಾಕಿದ್ದೇ ಜಾಸ್ತಿ. ಅಮ್ಮ ಯಾರದೋ ಕಣ್ಣು ಬಿತ್ತು ಅಂದಳು. ಅಪ್ಪ ಚಾಕಿ ಹುಳವೇ ಸರಿ ಇರಲಿಲ್ಲ ಅಂದರು. ಡಿಪ್ಲೊಮಾ ಓದಿದ ನಾವು ಹವಾಮಾನ ಬದಲಾವಣೆ ಅಂತ ದೊಡ್ಡ ಮಾತಾಡಿದೆವು. ಕಿಟಕಿಗೆ ಪ್ಲಾಸ್ಟಿಕ್ ಕಟ್ಟಿದವರು ನಾವೇ ಅಂತ ಯಾರೂ ಹೇಳಲಿಲ್ಲ.

ಹುಳಕ್ಕೆ ಬೇಕಾದ ತೇವ ಹುಟ್ಟಿದಾಗಿನಿಂದ ಗೂಡು ಕಟ್ಟುವವರೆಗೆ ಒಂದೇ ಅಲ್ಲ. ಎಡವಟ್ಟಾಗುವುದು ಇಲ್ಲೇ. ಚಾಕಿಯಲ್ಲಿ, ಅಂದರೆ ಎರಡನೇ ಜ್ವರದ ತನಕ, ಉಷ್ಣಾಂಶ 27–28 ಡಿಗ್ರಿ, ತೇವಾಂಶ ಶೇ. 85–90 ಇರಬೇಕು. ಎಳೆ ಸೊಪ್ಪು ಬಾಡಬಾರದು ಅಂತಲೇ ಅಲ್ಲಿ ಮೇಣದ ಕಾಗದ ಹೊದಿಸಿ, ಒದ್ದೆ ಸ್ಪಂಜು ಇಡುವುದು. ಬೆಳೆದ ಮೇಲೆ ಎಲ್ಲಾ ತಿರುವುಮುರುವು. ನಾಲ್ಕನೇ ಹಂತಕ್ಕೆ 25 ಡಿಗ್ರಿ, ಶೇ. 70–75. ಐದನೇ ಹಂತಕ್ಕೆ 24 ಡಿಗ್ರಿ, ಶೇ. 65–70 ಸಾಕು. ದೊಡ್ಡ ಹುಳ ರಾಶಿ ಸೊಪ್ಪು ತಿಂದು ರಾಶಿ ಹಿಕ್ಕೆ ಹಾಕುತ್ತೆ, ಆ ನೀರಿನಂಶವೆಲ್ಲ ಗಾಳಿಗೇ ಸೇರುತ್ತೆ. ಕಿಟಕಿ ಮುಚ್ಚಿದರೆ ಮನೆಯೊಳಗೆ ಇಡ್ಲಿ ಪಾತ್ರೆ ಥರ ಆವಿ. ಚಾಕಿಗೆ ಅಮೃತವಾದ ತೇವವೇ ದೊಡ್ಡ ಹುಳಕ್ಕೆ ವಿಷ. ಚಳಿ ಜತೆಗೆ ತೇವ ಸೇರಿದರಂತೂ ಸುಣ್ಣಕಟ್ಟು ರೋಗಕ್ಕೆ ನಾವೇ ಕರೆದು ಮಣೆ ಹಾಕಿದ ಹಾಗೆ.

ಇದನ್ನು ಅಳೆಯೋಕೆ ದೊಡ್ಡ ಯಂತ್ರ ಬೇಡ. ಪಕ್ಕಪಕ್ಕ ಎರಡು ಥರ್ಮಾಮೀಟರು, ಒಂದರ ಬುಡಕ್ಕೆ ಸುತ್ತಿದ ಒದ್ದೆ ಬಟ್ಟೆ, ಅಷ್ಟೆ. ಗಾಳಿ ಒಣಗಿದ್ದರೆ ಬಟ್ಟೆಯ ನೀರು ಬೇಗ ಆರುತ್ತೆ, ಆ ಕಡ್ಡಿ ತಣ್ಣಗಾಗಿ ಕೆಳಗಿಳಿಯುತ್ತೆ. ಒಣ ಕಡ್ಡಿ 25, ಒದ್ದೆ ಕಡ್ಡಿ 21 ತೋರಿಸಿದರೆ ತೇವ ಸುಮಾರು ಶೇ. 70, ದೊಡ್ಡ ಹುಳಕ್ಕೆ ಸರಿ. 25ಕ್ಕೆ 24 ಅಂದರೆ ಶೇ. 90 ದಾಟಿದೆ, ತಕ್ಷಣ ಕಿಟಕಿ ತೆಗೆಯಬೇಕು, ತೆಳ್ಳಗೆ ಸುಣ್ಣದ ಪುಡಿ ಉದುರಿಸಬೇಕು.

ಈ ಕಡ್ಡಿಯ ವಿಚಾರದಲ್ಲೂ ನೀರು ಆಟ ಆಡುತ್ತೆ. ನಮ್ಮ ಕಡೆ ಬೋರ್ ನೀರು ಗಡುಸು. ಪಾತ್ರೆ ತಳಕ್ಕೆ ಬಿಳಿ ಪೊರೆ ಕಟ್ಟುತ್ತೆ, ಡ್ರಿಪ್ಪಿನ ಕಣ್ಣು ಮುಚ್ಚುತ್ತೆ. ಅದೇ ನೀರು ಬಳಸಿದರೆ ಥರ್ಮಾಮೀಟರಿನ ಬಟ್ಟೆಯೂ ಉಪ್ಪು ಹಿಡಿದು ಗಟ್ಟಿಯಾಗುತ್ತೆ, ನೀರು ಸರಿಯಾಗಿ ಆರಲ್ಲ, ಇಲ್ಲದ ತೇವ ಇದೆ ಅಂತ ತೋರಿಸುತ್ತೆ. ಮಳೆ ನೀರನ್ನೋ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರನ್ನೋ ಹಾಕಬೇಕು, ಬಟ್ಟೆ ಆಗಾಗ ಬದಲಾಯಿಸಬೇಕು. ಕಡ್ಡಿ ಗೋಡೆಗೆ ನೇತುಹಾಕಿ ಫೋಟೊ ಹಿಡಿದರೆ ಕೆಲಸ ಮುಗಿಯಿತು ಅಂತಲ್ಲ.

ಪಿಎಚ್ ಅಂದಕೂಡಲೇ ಅದು ಕಾಲೇಜು ಪಾಠ ಅಂತ ಮುಖ ತಿರುಗಿಸಬೇಡಿ. ಸುಣ್ಣದ ಕಡೆಗೋ ಹುಣಸೆಹುಳಿ ಕಡೆಗೋ ಅನ್ನುವ ಲೆಕ್ಕ ಅದು. 7 ಅಂದರೆ ನಡುವೆ. 7ರಿಂದ 8ಕ್ಕೆ ಹೋದರೆ ಒಂದು ಹೆಜ್ಜೆಯಲ್ಲ, ಹತ್ತು ಪಟ್ಟು. ಹಿಪ್ಪುನೇರಳೆಗೆ 6.2ರಿಂದ 6.8ರ ಮಣ್ಣು ಹಿತ. ವರ್ಷಗಟ್ಟಲೆ ಗಡುಸು ನೀರು ಹಾಯಿಸಿದ ಹೊಲ, ಬಸಿಯದೆ ಚೌಳಾದ ನಾಲೆ ಬಯಲು ಇದಕ್ಕಿಂತ ಮೇಲೇರಿರುತ್ತೆ. ಆಗ ಮಣ್ಣಿನಲ್ಲಿ ಕಬ್ಬಿಣ, ಸತು ಇದ್ದರೂ ಗಿಡಕ್ಕೆ ಸಿಗಲ್ಲ. ಎಳೆ ಎಲೆ ಹಳದಿಯಾಗಿ ನರ ಮಾತ್ರ ಹಸಿರಿದ್ದರೆ ಅದೇ ಗುರುತು. ನಾವೇನು ಮಾಡುತ್ತೇವೆ? ಹಳದಿ ಕಂಡರೆ ಇನ್ನೊಂದು ಮೂಟೆ ಯೂರಿಯಾ. ಸೊಪ್ಪು ಕಪ್ಪಗೆ ಕೊಬ್ಬಿದ ಹಾಗೆ ಕಾಣುತ್ತೆ, ತಿಂದ ಹುಳ ಸೊರಗುತ್ತೆ.

ಹುಳದ ಹೊಟ್ಟೆಯೊಳಗೂ ಪಿಎಚ್ ಇದೆ, ಸುಮಾರು 10. ಸುಣ್ಣದ ಕಡೆಗೆ. ಹಾಲು ತೊಂಡೆ ರೋಗದ ವೈರಸ್ಸು ಒಂದು ಗಟ್ಟಿ ಕವಚದೊಳಗೆ ಕೂತು ವರ್ಷಾನುಗಟ್ಟಲೆ ಗೋಡೆ ಬಿರುಕಿನಲ್ಲಿ, ತಟ್ಟೆಯ ಸಂದಿಯಲ್ಲಿ ಕಾಯುತ್ತೆ. ಸೊಪ್ಪಿನ ಜತೆ ಹೊಟ್ಟೆಗೆ ಹೋದರೆ ಅಲ್ಲಿಯ ಕ್ಷಾರಕ್ಕೆ ಕವಚ ಕರಗಿ ಹೊರಗೆ ಬರುತ್ತೆ. ಬ್ಲೀಚಿಂಗ್ ಪುಡಿ ಜತೆ ಸುಣ್ಣ ಸೇರಿಸಿ ಅಂತ ಹೇಳುವುದರ ಗುಟ್ಟು ಇದೇ. ಸುಣ್ಣ ಹೊರಗಡೆಯೇ ಕವಚ ಕರಗಿಸುತ್ತೆ, ಕ್ಲೋರಿನ್ ಒಳಗಿದ್ದದ್ದನ್ನು ಕೊಲ್ಲುತ್ತೆ. 100 ಲೀಟರ್ ನೀರಿಗೆ 2 ಕೆಜಿ ಬ್ಲೀಚಿಂಗ್ ಪುಡಿ, 300 ಗ್ರಾಂ ಅರಳಿದ ಸುಣ್ಣ. ಸುಣ್ಣ ಯಾಕೆ ಬೇಕು, ಬ್ಲೀಚಿಂಗೇ ಸಾಕು ಅಂತ ಬಿಟ್ಟವರನ್ನು ನೋಡಿದ್ದೇವೆ. ಬಾಯಿ ಕಟ್ಟದೆ ಆರು ತಿಂಗಳು ಮೂಲೆಯಲ್ಲಿಟ್ಟ ಮೂಟೆಯ ಪುಡಿ ಬಳಸಿದವರನ್ನೂ ನೋಡಿದ್ದೇವೆ. ಅದರಲ್ಲಿ ಕ್ಲೋರಿನ್ ಹಾರಿಹೋಗಿರುತ್ತೆ. ಮೊದಲು ಗುಡಿಸಿ ತೊಳೆಯದಿದ್ದರೆ ಕ್ಲೋರಿನ್ನೆಲ್ಲ ಕಸದ ಮೇಲೇ ಖರ್ಚು. ಹೊಡೆಯುವಾಗ ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ.

"ನಮ್ಮಪ್ಪ, ನಮ್ಮ ತಾತ ಯಾವ ಕಡ್ಡಿ ಇಟ್ಟಿದ್ರು? ಕೈ ಇಟ್ಟರೆ ಗೊತ್ತಾಗ್ತಿತ್ತು" ಅನ್ನುವ ಹಿರಿಯರು ಪ್ರತಿ ಊರಲ್ಲೂ ಇದ್ದಾರೆ. ಅವರ ಮಾತು ಸುಳ್ಳಲ್ಲ. ಆದರೆ ತಾತ ಹುಳ ಸಾಕಿದ್ದು ಮಣ್ಣಿನ ಗೋಡೆ, ನಾಡಹೆಂಚಿನ ಮನೆಯಲ್ಲಿ. ಗೋಡೆ ತೇವ ಹೀರುತ್ತಿತ್ತು, ಹೆಂಚಿನ ಸಂದಿಯಲ್ಲಿ ಗಾಳಿ ಆಡುತ್ತಿತ್ತು. ಈಗ ಮೇಲೆ ಶೀಟು, ಸುತ್ತ ಸಿಮೆಂಟು. ಆಗಿನದು ಮೈಸೂರು ತಳಿ, ಒರಟು ಹುಳ, ಅಷ್ಟಿಷ್ಟು ಏರುಪೇರು ತಡೆದುಕೊಳ್ಳುತ್ತಿತ್ತು. ಈಗಿನ ದ್ವಿತಳಿ ಬಿಳಿ ಗೂಡಿಗೆ ರಾಮನಗರದ ಮಾರುಕಟ್ಟೆಯಲ್ಲಿ ರೇಟು ಹೆಚ್ಚು, ಹುಳದ ಮೈ ಸೂಕ್ಷ್ಮ. ಮನೆ ಬದಲಾಯಿತು, ಹುಳ ಬದಲಾಯಿತು, ಅಂದಾಜು ಮಾತ್ರ ಹಳೆಯದೇ ಉಳಿಯಿತು.

ಒಂದು ವಿಚಿತ್ರ ಹೇಳಬೇಕು. 2021ರಲ್ಲಿ ನಮ್ಮದೇ ಹೆದ್ದಾರಿಯ ಬಿಡದಿಯಲ್ಲಿ ವಿಲ್ಲಾವೊಂದರೊಳಗೆ ಗಾಂಜಾ ಗಿಡ ಬೆಳೆಸುತ್ತಿದ್ದವರನ್ನು ಬೆಂಗಳೂರು ಪೊಲೀಸರು ಹಿಡಿದರು. ಕಾನೂನಿನಲ್ಲಿ ಅದಕ್ಕೆ 10 ವರ್ಷದವರೆಗೆ ಕಠಿಣ ಜೈಲು, ಲಕ್ಷ ರೂಪಾಯಿವರೆಗೆ ದಂಡ. ಆ ದಂಧೆಯಲ್ಲಿ ಮನೆಯೊಳಗೆ ಗಿಡ ಬದುಕಬೇಕಾದರೆ ನೀರು, ತೇವ, ಪಿಎಚ್ ಮೂರನ್ನೂ ದಿನಾ ಅಳೆಯಬೇಕು, ಅಳೆಯುತ್ತಾರೆ. ಕಳ್ಳ ಬೆಳೆಗೆ ಇರುವ ಕಾಳಜಿ ನಮ್ಮ ನ್ಯಾಯವಾದ ಬೆಳೆಗೆ ಯಾಕಿಲ್ಲ?

ಯಾಕಿಲ್ಲ ಅಂದರೆ, ನಮ್ಮ ಕಡೆ ಅಳತೆ ಇರುವುದು ಕೊಳ್ಳುವವರ ದುಡ್ಡು ಇರುವ ಕಡೆ. ಹಾಲಿಗೆ ಫ್ಯಾಟ್ ಮೆಷಿನ್ನು, ಕಬ್ಬಿಗೆ ಕಾರ್ಖಾನೆ ಗೇಟಿನಲ್ಲಿ ತೂಕ, ಗೂಡಿಗೆ ಮಾರುಕಟ್ಟೆಯಲ್ಲಿ ಎಲೆಕ್ಟ್ರಾನಿಕ್ ತಕ್ಕಡಿ. ಆದರೆ ತಟ್ಟೆಯಲ್ಲಿ ಹುಳ ಸತ್ತರೆ ಕಳೆದುಕೊಳ್ಳುವವನು ರೈತನೊಬ್ಬನೇ, ಆ ನಷ್ಟ ಯಾವ ಚೀಟಿಯಲ್ಲೂ ಬರಲ್ಲ. ಹಾಗಾಗಿ ಅಲ್ಲಿ ಮೀಟರೂ ಇಲ್ಲ. 2015ರಿಂದ ಮಣ್ಣು ಆರೋಗ್ಯ ಚೀಟಿ ಬಂತು, ಅದರಲ್ಲಿ ಮಣ್ಣಿನ ಪಿಎಚ್ ಸೇರಿ 12 ಅಂಶ ಇದೆ. ನೀರು ಇಲ್ಲ. ಗಾಳಿ ಅಂತೂ ಕೇಳಲೇಬೇಡಿ.

ನಮ್ಮ ಬೇಡಿಕೆ ದೊಡ್ಡದಲ್ಲ. ಹುಳದ ಮನೆಗೆ ಸಹಾಯಧನ ಮಂಜೂರು ಮಾಡುವಾಗ ಕಂಬ, ಶೀಟು, ಬಾಗಿಲು ಲೆಕ್ಕ ಹಾಕುವ ರೇಷ್ಮೆ ಇಲಾಖೆ ಆ ಎರಡು ಕಡ್ಡಿಯ ಥರ್ಮಾಮೀಟರನ್ನೂ ಪಟ್ಟಿಗೆ ಸೇರಿಸಲಿ, ಅದನ್ನು ಓದುವುದನ್ನು ಮನೆಯ ಹೆಂಗಸರಿಗೆ ಹೇಳಿಕೊಡಲಿ, ಯಾಕಂದರೆ ನಡುರಾತ್ರಿ ಸೊಪ್ಪು ಹಾಕುವವರು ಅವರೇ. ಚಾಕಿ ಹುಳ ಕೊಡುವವರು ಹುಳದ ಜತೆ ಆ ಎಂಟು ದಿನದ ಉಷ್ಣಾಂಶ, ತೇವಾಂಶ ಬರೆದ ಹಾಳೆ ಕೊಡಲಿ. ಆಗ ಹುಳ ಕೆಟ್ಟಿದ್ದು ಅಲ್ಲೋ ಇಲ್ಲೋ ಅನ್ನುವ ಜಗಳವೂ ತಪ್ಪುತ್ತೆ. ಬೋರ್ ನೀರಿನ ಪರೀಕ್ಷೆ ವರ್ಷಕ್ಕೊಮ್ಮೆ ಊರಿಗೇ ಬರಲಿ. ಅಷ್ಟರವರೆಗೆ ಕಾಯುವುದೂ ಬೇಡ. ಮುಂದಿನ ಸಲ ಮಂಡ್ಯದ ವಿ.ಸಿ. ಫಾರಂ ಕಡೆ ಹೋಗುವವರು ಒಂದು ಬಾಟಲಿ ನೀರು, ಒಂದು ಚೀಲ ಮಣ್ಣು ಹಿಡಿದುಕೊಂಡು ಹೋಗಿ ಪರೀಕ್ಷೆ ವಿಚಾರಿಸಿ. ಜಿಪ್ಸಂ ಹಾಕಬೇಕೋ ಬೇಡವೋ ಅದು ನೋಡಿದ ಮೇಲಿನ ಮಾತು, ಅಂಗಡಿಯವರು ಹೇಳಿದರು ಅಂತ ಸುರಿಯುವುದಲ್ಲ.

ನಮ್ಮ ಮನೆಯಲ್ಲಿ ಈಗ ಕಡ್ಡಿ ಬಂದಿದೆ. ಅಪ್ಪ ಮೊದಮೊದಲು ಅದರ ಕಡೆ ನೋಡಲೇ ಇಲ್ಲ. ಅಮ್ಮ ಮಳೆ ನೀರನ್ನು ಬಾಟಲಿಯಲ್ಲಿ ತುಂಬಿಟ್ಟು ಬಟ್ಟೆ ಬದಲಾಯಿಸುತ್ತಾಳೆ. ಮೊನ್ನೆ ರಾತ್ರಿ ಹನ್ನೊಂದೂವರೆಗೆ ಫೋನ್ ಮಾಡಿದ್ದಳು. "ಎರಡೂ ಒಂದೇ ತೋರುಸ್ತಾ ಅವೆ ಕಣ್ಲಾ. ನಿಮ್ಮಪ್ಪ ಬೇಡ ಅಂದ್ರೂ ಕಿಟಕಿ ತಗ್ದೆ."