ಲಿಮಿಟರ್ ಐತೆ ಮಾವ!

ಮೊನ್ನೆ ಬೂವನಹಳ್ಳಿಯಿಂದ ಒಂದು ದಿಬ್ಬಣ ಹೊರಡುವುದಿತ್ತು. ವಾಲಗದವರು ಊದುವುದನ್ನು ಬಿಟ್ಟು ಕಿವಿ ಮುಚ್ಚಿಕೊಂಡು ನಿಂತಿದ್ದರು. ನನ್ನ ತಂಗಿಯ ಮಗ ನಿಂತ ಕಾರಿನ ಎಕ್ಸಲೇಟರನ್ನು ತಳಮುಟ್ಟ ತುಳಿದು ಎಂಜಿನ್ನನ್ನು ಟಪಟಪನೆ ಸಿಡಿಸುತ್ತಿದ್ದ. "ಎಂಜಿನ್ ಹೋಯ್ತದೆ ಕಣ್ಲಾ" ಎಂದೆ. "ಲಿಮಿಟರ್ ಐತೆ ಮಾವ, ಏನೂ ಆಗಕಿಲ್ಲ" ಎಂದ. ಸುತ್ತಲಿನ ಹುಡುಗರೆಲ್ಲ ತಲೆಯಾಡಿಸಿದರು. ನನ್ನ ತಕರಾರು ಆ ಒಂದು ಮಾತಿನ ಮೇಲೆ.

ಮಾತು ಪೂರಾ ಸುಳ್ಳಾಗಿದ್ದರೆ ಜಗಳ ಸುಲಭವಿತ್ತು. ಹಳೆಯ ಅಂಬಾಸಿಡರ್, ಪದ್ಮಿನಿಗಳಲ್ಲಿ ಡ್ರೈವರನ ಕಿವಿಯೇ ಲಿಮಿಟರ್. ಈಗಿನ ಕಾರಿನಲ್ಲಿ ಒಂದು ಪುಟ್ಟ ಕಂಪ್ಯೂಟರ್ ಕುಳಿತು ಎಂಜಿನ್ನಿನ ಸುತ್ತುಗಳನ್ನು ಎಣಿಸುತ್ತಿರುತ್ತದೆ. ನಿಮಿಷಕ್ಕೆ ಆರು, ಆರೂವರೆ ಸಾವಿರ ದಾಟಿತೆಂದರೆ ಪೆಟ್ರೋಲನ್ನೋ ಕಿಡಿಯನ್ನೋ ತಡೆಯುತ್ತದೆ, ಇಳಿದೊಡನೆ ಮತ್ತೆ ಬಿಡುತ್ತದೆ. ಟ್ರ್ಯಾಕ್ಟರಿನ ಡೀಸೆಲ್ ಪಂಪಿನ ಗವರ್ನರ್ ಇದೇ ಕೆಲಸವನ್ನು ಬಹಳ ಹಿಂದಿನಿಂದ ಮಾಡಿಕೊಂಡು ಬಂದಿದೆ. ಓವರ್‌ಟೇಕ್ ಮಾಡುವಾಗ ಒಮ್ಮೆ ಅಲ್ಲಿಗೆ ತಗುಲಿದರೆ ಎಂಜಿನ್ ಸಾಯುವುದಿಲ್ಲ. ಸಾಯುತ್ತದೆಂದು ಹೆದರಿಸುವ ನನ್ನ ವಯಸ್ಸಿನವರದೂ ತಪ್ಪೇ.

ಆದರೆ ನಿಂತಲ್ಲೇ ನಿಂತು ಐದು ನಿಮಿಷ ಬಡಿಯುವುದು? ಬೆಳಗಿನ ಚಳಿಗೆ ಆಯಿಲ್ ಇನ್ನೂ ಗಟ್ಟಿ. ರೇಡಿಯೇಟರಿಗೆ ಎದುರುಗಾಳಿ ಇಲ್ಲ. ಕಿಡಿ ತಪ್ಪಿಸುವ ಬಗೆಯ ಲಿಮಿಟರ್ ಆದರಂತೂ ಉರಿಯದ ಪೆಟ್ರೋಲ್ ಸೀದಾ ಸೈಲೆನ್ಸರಿನ ಕಡೆಗೆ ಹೋಗಿ, ಹೊಗೆ ಶುದ್ಧಮಾಡುವ ಕ್ಯಾಟಲಿಟಿಕ್ ಕನ್ವರ್ಟರಿನಲ್ಲಿ ಹೊತ್ತಿಕೊಳ್ಳುತ್ತದೆ. ಹುಡುಗರು ಚಪ್ಪಾಳೆ ತಟ್ಟುವ ಆ ಸಿಡಿತ ಅದರದೇ. ಒಳಗಿನ ಜೇನುಗೂಡಿನಂಥ ಪಿಂಗಾಣಿ ಆ ಕಾವಿಗೆ ಕರಗಿ ಕಟ್ಟಿಕೊಂಡರೆ ಕಾರು ಏರು ಹತ್ತುವುದಿಲ್ಲ.

ಇದಕ್ಕಿಂತ ದೊಡ್ಡದು ಬೇರೆ ಇದೆ. ಲಿಮಿಟರ್ ತಡೆಯುವುದು ಕಾಲಿನ ತಪ್ಪನ್ನು. ಕೈಯ ತಪ್ಪಿಗೆ ಅದು ಏನೂ ಮಾಡಲಾರದು. ಚನ್ನರಾಯಪಟ್ಟಣದ ಕಡೆಗೆ ಐದನೇ ಗೇರಿನಲ್ಲಿ ನೂರರ ವೇಗದಲ್ಲಿ ಹೋಗುತ್ತಿದ್ದೀರಿ. ಎಂಜಿನ್ ಸುಮಾರು 3000 ಸುತ್ತು ತಿರುಗುತ್ತಿದೆ ಎನ್ನಿ. ನಾಲ್ಕಕ್ಕೆ ಎಳೆಯಲು ಹೋದ ಕೈ ಜಾರಿ ಎರಡಕ್ಕೆ ಬಿತ್ತು. ಕ್ಲಚ್ ಬಿಟ್ಟ ಕ್ಷಣ ಎಂಜಿನ್ನನ್ನು ತಿರುಗಿಸುವುದು ಪೆಟ್ರೋಲಲ್ಲ, ಚಕ್ರ. 7500ರ ಹತ್ತಿರಕ್ಕೆ ಎಳೆದೊಯ್ಯುತ್ತದೆ. ಲಿಮಿಟರ್ ಪೆಟ್ರೋಲ್ ನಿಲ್ಲಿಸಿ ಕೈಕಟ್ಟಿ ನೋಡುತ್ತದೆ. ಸುತ್ತು ಕಾಲು ಪಾಲು ಹೆಚ್ಚಿದರೆ ಪಿಸ್ಟನ್ನನ್ನು ಜಗ್ಗುವ ಬಲ ಒಂದೂವರೆ ಪಟ್ಟು ದಾಟುತ್ತದೆ. ವಾಲ್ವ್ ಸ್ಪ್ರಿಂಗಿಗೆ ಆ ಓಟ ಹಿಡಿಯಲಾಗದೆ, ಮುಚ್ಚದ ವಾಲ್ವಿಗೆ ಪಿಸ್ಟನ್ ಬಡಿಯಬಹುದು. ಶಿರಾಡಿ ಘಾಟಿಯಲ್ಲಿ ಕೆಳಗಿನ ಗೇರಿನಲ್ಲಿ ಇಳಿಯುವುದು ಸರಿಯೇ, ಆದರೆ ಬ್ರೇಕಿನಿಂದ ವೇಗ ತಗ್ಗಿಸಿಕೊಂಡು ಆಮೇಲೆ ಗೇರು. ಈ ಕ್ರಮವನ್ನು ಯಾವ ಕಂಪ್ಯೂಟರೂ ನಮ್ಮ ಹುಡುಗನ ಕೈಗೆ ಕಲಿಸಿಲ್ಲ.

ಆ ಕಾರಿಗೆ ತಂಗಿ ಹಾಕಿರುವುದು ಎರಡು ವರ್ಷದ ಆಲೂಗಡ್ಡೆ ದುಡ್ಡು, ಮಿಕ್ಕಿದ್ದು ಸಾಲ. ಇದನ್ನೆಲ್ಲ ಅವನಿಗೆ ಹೇಳಿದೆ. "ಹತ್ತು ಮಾವ, ಹೊತ್ತಾಯ್ತು" ಎಂದು ಮತ್ತೊಮ್ಮೆ ತುಳಿದ. ನಾನು ವಾಲಗದವರ ಟೆಂಪೋ ಹತ್ತಿದೆ.