ಅಪ್ಪನ ನಾಲ್ಕಿಂಚಿನ ಟೈ

ನಮ್ಮಂಥ ಟಿ-ಶರ್ಟ್ ಇಂಜಿನಿಯರ್‌ಗಳಿಗೆ ಟೈ ಬೇಕಾಗೋದು ಎರಡೇ ಸಲ: ಕ್ಯಾಂಪಸ್ ಇಂಟರ್ವ್ಯೂ, ಮದುವೆ ರಿಸೆಪ್ಷನ್. ಮೊದಲನೆಯದಕ್ಕೆ ಹಾಸ್ಟೆಲ್‌ನಲ್ಲಿ ಒಂದೇ ಟೈಯನ್ನು ನಾಲ್ಕು ಜನ ಸರದಿಯಲ್ಲಿ ಕಟ್ಟಿಕೊಂಡಿದ್ವಿ. ಅಗಲ ಯಾರು ನೋಡ್ತಾರೆ? ಎರಡನೆಯದು ಮುಂದಿನ ತಿಂಗಳು.

ಕೋಟು ಹೊಲಿಸೋಕೆ ಅಪ್ಪನ ಜೊತೆ ಹೋಗಿದ್ದೆ. ಫೋನಿನಲ್ಲಿ ನೋಡಿಟ್ಟಿದ್ದ ಎರಡಿಂಚಿನ ಸ್ಲಿಮ್ ಟೈ ತೋರಿಸಿದೆ. ಟೈಲರ್ ನನ್ನ ಹೊಟ್ಟೆ ನೋಡಿ, 'ಸರ್, ಇದು ಸಣ್ಣಗಿರೋರಿಗೆ. ನಿಮ್ಮ ಎದೆ ಮೇಲೆ ದಾರದ ಥರ ಕಾಣುತ್ತೆ' ಅಂದ್ರು. ಟೈ ಎಲ್ಲಿ ಅತಿ ಅಗಲವೋ ಅಲ್ಲಿ ಅಳೆಯಬೇಕು; ಕೋಟಿನ ಲ್ಯಾಪೆಲ್ ಕೂಡ ಹೆಚ್ಚುಕಮ್ಮಿ ಅಷ್ಟೇ ಅಗಲ ಇದ್ದರೆ ಚೆಂದ. ಹೆಚ್ಚಿನವರಿಗೆ ಮೂರರಿಂದ ಮೂರೂವರೆ ಇಂಚು ಸಾಕು.

ಆಗ ಅಪ್ಪ ಚೀಲದಿಂದ ಮೆರೂನ್ ಟೈ ಒಂದನ್ನು ತೆಗೆದರು. 1978ರಲ್ಲಿ ಬ್ಯಾಂಕ್ ಇಂಟರ್ವ್ಯೂಗೆ ಕೊಂಡದ್ದು, ನಾಲ್ಕಿಂಚು. ಆಗಿನ ಫ್ಯಾಷನ್ನೇ ಹಾಗೆ: ಕಾಲರ್, ಲ್ಯಾಪೆಲ್, ಪ್ಯಾಂಟಿನ ಬಾಟಮ್ ಎಲ್ಲವೂ ಅಗಲ. 'ಬೇಕಿದ್ರೆ ಹಾಕ್ಕೋ, ಇಲ್ಲಾಂದ್ರೂ ಪರವಾಗಿಲ್ಲ' ಅಂದರು. ಆ 'ಪರವಾಗಿಲ್ಲ' ಎಂಥದ್ದು ಅಂತ ಮಗನಾದವನಿಗೆ ಗೊತ್ತು.

'ಬಿಚ್ಚಿ ಮೂರಿಂಚಿಗೆ ಇಳಿಸಿಕೊಡ್ಲಾ?' ಟೈಲರ್ ಕೇಳಿದರು. ಅಪ್ಪ ರಸ್ತೆ ಕಡೆ ನೋಡ್ತಿದ್ರು.

ಬೇಡ ಅಂದೆ. ಕೋಟಿನ ಬಟ್ಟೆ ಇನ್ನೂ ಕತ್ತರಿಸಿರಲಿಲ್ಲವಲ್ಲ, ಲ್ಯಾಪೆಲ್ಲನ್ನೇ ಅಗಲ ಇಡಿ ಅಂದೆ. ಶರ್ಟಿಗೂ ಅಗಲ ಕಾಲರ್. ಇಲ್ಲದಿದ್ರೆ ಅಷ್ಟು ದಪ್ಪ ಗಂಟು ಕೂರಲ್ಲ. ಅಲ್ಲೇ ಟೈ ಕಟ್ಟಿಕೊಂಡು ನನ್ನ ಹುಡುಗಿಗೆ ಫೋಟೋ ಕಳಿಸಿದೆ. 'ಹಳೇ ಸಿನಿಮಾ ಹೀರೋ' ಅಂತ ಉತ್ತರ. ಹೊಗಳಿಕೆಯೋ ಲೇವಡಿಯೋ, ಇನ್ನೂ ಕೇಳಿಲ್ಲ.

ಟೈಯನ್ನು ಇಸ್ತ್ರಿಗೆ ಕೊಡೋಕೆ ಅಪ್ಪ ಬಿಡ್ತಿಲ್ಲ. ತಾವೇ ಮಾಡ್ತಾರಂತೆ.