ತಡೆಯಾಜ್ಞೆಯ ಅವಸರ



2025ರ ಜುಲೈಯಲ್ಲಿ ಧರ್ಮಸ್ಥಳದ ಮಾಜಿ ಸ್ವಚ್ಛತಾ ಕಾರ್ಮಿಕನೋರ್ವನು ಮುಸುಕು ಧರಿಸಿ ತಾನು ಶವಗಳನ್ನು ಹೂತಿದ್ದೆನೆಂದು ಬೆಳ್ತಂಗಡಿಯ ನ್ಯಾಯಾಲಯದಲ್ಲಿ ಹೇಳಿಕೆಯಿತ್ತ ತರುವಾಯ, ಸರಕಾರದ ವಿಶೇಷ ತನಿಖಾ ದಳವು ಆಟಿಯ ಮಳೆಯಲ್ಲಿ ನೇತ್ರಾವತಿಯ ಸ್ನಾನಘಟ್ಟದ ಬಳಿ, ಅಗೆದಂತೆಲ್ಲ ನೀರು ತುಂಬುತ್ತಿದ್ದ ನೆಲವನ್ನು ತೋಡಿಸಿದ ವೃತ್ತಾಂತವನ್ನು ಬಂಟ್ವಾಳದಿಂದ ಮೂಡುಬಿದಿರೆಯವರೆಗೆ ಬಸ್ಸುಗಳಲ್ಲಿಯೂ ಹೋಟೆಲುಗಳಲ್ಲಿಯೂ ಚರ್ಚಿಸದವರಿರಲಿಲ್ಲ. ಆದರೆ ಅಗೆತಕ್ಕೆ ಮುನ್ನವೇ ಬೆಂಗಳೂರಿನ ಸಿವಿಲ್ ನ್ಯಾಯಾಲಯವೊಂದು ಏಕಪಕ್ಷೀಯ ಆದೇಶದಿಂದ, ಈ ಪ್ರಕರಣದ ಬಗೆಗಿನ, ಮಾನಹಾನಿಕರವೆನ್ನಲಾದ 8 ಸಾವಿರಕ್ಕೂ ಮಿಕ್ಕ ಅಂತರ್ಜಾಲ ಕೊಂಡಿಗಳನ್ನು ಅಳಿಸಹೇಳಿದ್ದಿತು. ಆಗಸ್ಟ್ 1ರಂದು ಮಂಗಳೂರಿನ ಯೂಟ್ಯೂಬ್ ವಾಹಿನಿಯೊಂದರ ಅರ್ಜಿಯ ಮೇರೆಗೆ ಉಚ್ಚ ನ್ಯಾಯಾಲಯವು ಆ ಆದೇಶವನ್ನು ರದ್ದುಪಡಿಸಿತು.

ದೂರುದಾರನಾದ ಆ ಕಾರ್ಮಿಕನೇ ಆಗಸ್ಟ್ 23ರಂದು ಸುಳ್ಳು ಸಾಕ್ಷ್ಯದ ಆರೋಪದ ಮೇಲೆ ಬಂಧಿತನಾದುದನ್ನು ನಾನು ಮರೆತಿಲ್ಲ. ಊಹೆಯನ್ನೇ ತೀರ್ಪೆಂದು ಸಾರಿದ ವಾಹಿನಿಗಳ ಬಗೆಗೆ ನನಗೆ ಕನಿಕರವೂ ಇಲ್ಲ. ಮಾನಹಾನಿಗೊಳಗಾದವರಿಗೆ ಕಾನೂನಿನ ಪರಿಹಾರ ಇರಲೇಬೇಕು. ಆದರೂ ಹೇಳಿಕೆಯೊಂದು ದಿಟವೋ ಹುಸಿಯೋ ಎಂಬುದು ತನಿಖೆಯಿಂದ ತಿಳಿಯತಕ್ಕುದೇ ಹೊರತು, ಪತ್ರಕರ್ತರ ಬಾಯಿಗೆ ಬೀಗ ಹಾಕುವುದರಿಂದಲ್ಲ.

ಕಚೇರಿಯೊಳಗಿನ ಅಕ್ರಮವನ್ನು ಹೊರಗೆಡಹುವವರ ಪಾಡು ಇನ್ನೂ ಶೋಚನೀಯ. ಗೃಹನಿರ್ಮಾಣ ಸಹಕಾರ ಸಂಘಗಳ ಅವ್ಯವಹಾರವನ್ನು ಬಯಲಿಗೆಳೆದ ಅಧಿಕಾರಿ ಎಸ್. ಪಿ. ಮಹಂತೇಶರು 2012ರ ಮೇ ತಿಂಗಳಲ್ಲಿ ಬೆಂಗಳೂರಿನ ಬೀದಿಯಲ್ಲಿ ಹಲ್ಲೆಗೀಡಾಗಿ ಅಸುನೀಗಿದರು. ಅಂಥವರ ರಕ್ಷಣೆಗೆಂದು 2014ರಲ್ಲಿ ಸಂಸತ್ತು ಅಂಗೀಕರಿಸಿದ ಅಧಿನಿಯಮವು, ರಾಷ್ಟ್ರಪತಿಗಳ ಅಂಕಿತ ಪಡೆದೂ, ಜಾರಿಗೆ ಬಾರದೆ ಉಳಿದಿದೆ. ಆಂಗ್ಲರು 1923ರಲ್ಲಿ ಮಾಡಿಟ್ಟ ಅಧಿಕೃತ ರಹಸ್ಯಗಳ ಕಾಯಿದೆಯಾದರೋ ಇಂದಿಗೂ ಜಾರಿಯಲ್ಲಿದೆ! ನಮ್ಮ ಜಿಲ್ಲೆಯ ಸಂಸದರು ಮುಂದಿನ ಅಧಿವೇಶನದಲ್ಲಿ ಈ ಪ್ರಶ್ನೆಯನ್ನು ಎತ್ತುವರೆ?

– ಓರ್ವ ಓದುಗ, ಬಂಟ್ವಾಳ